ಮೆಹರಬಾನುವಿನ ನಂಬರು

ಲಿಂಗಸುಗೂರಿನ ಬಸ್‌ಸ್ಟ್ಯಾಂಡ್ ಎದುರು ಟಿಕೆಟ್ ಅಂಗಡಿ ಇಟ್ಟಿರುವ ಮೆಹರಬಾನುಗೆ ಹನ್ನೊಂದು ವರ್ಷದಿಂದ ನೆಟ್ಟಗೆ ನಿದ್ದೆಯಿಲ್ಲ. ವಿಮಾನ ಹತ್ತುವವರು ಊರವರು, ಟಿಕೆಟಿನ ಮೇಲಿನ ಫೋನ್ ನಂಬರು ಮಾತ್ರ ಇವಳದು. "ನಮ್ಮ ಫೋನಿಗೆ ರಿಚಾರ್ಜ್ ಇದ್ರ ಇರ್ತೈತಿ, ಇಲ್ಲಾಂದ್ರ ಇಲ್ಲ. ನಿಂದ ಹಾಕ್ ಅಕ್ಕಾ" ಎನ್ನುವುದು ಎಲ್ಲರ ವರಾತ. ವಿಮಾನ ತಡವಾದರೆ, ರದ್ದಾದರೆ ಕಂಪನಿಯ ಮೆಸೇಜು ಬರುವುದು ಇವಳಿಗೆ. ಅವರನ್ನು ಹುಡುಕಿ ಹೇಳುವ ಕರ್ಮವೂ ಇವಳದೇ. ಅದಕ್ಕೇ ಅವಳು ವಿಮಾನ ಕಂಪನಿಯ ಸೈಟಿನಲ್ಲೇ ನೇರವಾಗಿ ಬುಕ್ ಮಾಡುತ್ತಾಳೆ. ನಡುವೆ ಬೇರೆ ಸೈಟಿನವರು ಬಂದರೆ ಕಂಪನಿಯ ಮಾತು ಮುಟ್ಟುವುದಿಲ್ಲ ಎಂಬುದು ಪೆಟ್ಟು ತಿಂದು ಕಲಿತ ಪಾಠ.

ಹಟ್ಟಿ ಚಿನ್ನದ ಗಣಿಯಲ್ಲಿ ದುಡಿಯುವ ಗ್ಯಾನಪ್ಪ ಅವಳ ಮಾತು ಕೇಳಲಿಲ್ಲ. ಮಗಳು ಅಮೂಲ್ಯಾ ಕೇಂದ್ರದ ಪೊಲೀಸ್ ಪಡೆ ಸೇರಿ, ತರಬೇತಿ ಮುಗಿಸಿ, ದೆಹಲಿಯಲ್ಲಿ ಪರೇಡ್ ಮಾಡುವವಳಿದ್ದಳು. ಗಂಡ-ಹೆಂಡತಿ ನೋಡಲು ಹೊರಟಿದ್ದರು. "ನೀ ಹೇಳಿದ್ದಕ್ಕಿಂತ ಎಂಟುನೂರು ಕಮ್ಮಿ ನೋಡಕ್ಕಾ" ಎಂದು ಯಾವುದೋ ಅಗ್ಗದ ಸೈಟಿನ ಟಿಕೆಟನ್ನು ತೋರಿಸಿ, ಮೀಸೆಯಲ್ಲೇ ನಕ್ಕು ಹೋಗಿದ್ದ.

ಪರೇಡಿಗೆ ಎರಡು ದಿನವಿರುವಾಗ ಮಧ್ಯಾಹ್ನ ಮೆಹರಬಾನುವಿನ ಫೋನಿಗೆ ಮೆಸೇಜು ಬಂತು. ನಾಳೆ ಸಂಜೆಯ ಹೈದರಾಬಾದ್-ದೆಹಲಿ ವಿಮಾನ ರದ್ದು. ಬೇಕಾದರೆ ನಾಳೆ ಬೆಳಗಿನದಕ್ಕೆ ಬದಲಿಸಿಕೊಳ್ಳಿ. ದೆಹಲಿಯ ತಂಗಿಯ ಮನೆಗೆ ಹೊರಟಿದ್ದ ಊರಿನ ಜಮೀಲಾಬೀಯ ಟಿಕೆಟದು. ಒಂದು ಗುಂಡಿ ಒತ್ತಿದಳು, ಬದಲಾಯಿತು. ಫೋನು ಕೆಳಗಿಡುವಾಗ ನೆನಪಾಯಿತು, ಗ್ಯಾನಪ್ಪನದೂ ಇದೇ ವಿಮಾನ.

ಉಪ್ಪು ತಿಂದವನು ನೀರು ಕುಡಿಯಲಿ ಅನ್ನಿಸಿದ್ದು ಸುಳ್ಳಲ್ಲ. ಆದರೆ ಹಾಳು ಮನಸ್ಸು ಬಿಡಬೇಕಲ್ಲ! ಅವನು ನೆಲದಡಿಯ ಗಣಿಯಲ್ಲಿದ್ದ. ಪಾಳಿ ಮುಗಿಸಿ ಮೇಲೆ ಬರುವವರೆಗೆ ಏಳು ಸಲ ಫೋನು ಹಚ್ಚಿದಳು.

ಸಂಜೆ ಗಂಡ-ಹೆಂಡತಿ ಓಡೋಡಿ ಬಂದರು. ಅವರಿಗೆ ಯಾವ ಮೆಸೇಜೂ ಬಂದಿರಲಿಲ್ಲ. ವಿಮಾನ ಕಂಪನಿಯವರು, ಬುಕ್ ಮಾಡಿದ ಸೈಟಿನವರನ್ನೇ ಕೇಳಿ ಎಂದರು. ಸೈಟಿನವರು ಒಂದು ತಾಸು ಸಂಗೀತ ಕೇಳಿಸಿ, ಹಣ ವಾರದಲ್ಲಿ ಮರಳುತ್ತದೆ, ಬೇರೇನೂ ಆಗದು ಎಂದರು. ದೀಪಾವಳಿ ಹತ್ತಿರವಿತ್ತು, ಪರೇಡಿನ ಹೊತ್ತಿಗೆ ಮುಟ್ಟುವ ವಿಮಾನಗಳೆಲ್ಲ ತುಂಬಿದ್ದವು. ಜಮೀಲಾಬೀ ಹೋಗುವುದರಲ್ಲಿ ಒಂದೇ ಒಂದು ಸೀಟು ಉಳಿದಿತ್ತು. ತನ್ನ ಮಾತೇ ನಿಜವಾಯಿತೆಂಬ ಸಮಾಧಾನ ಮೆಹರಬಾನುಗೆ ಎಳ್ಳಷ್ಟೂ ಇರಲಿಲ್ಲ. ಅವಳಿಗೆ ಸಾಕಾಗಿ ಹೋಗಿತ್ತು.

"ಯಾರ ಹೆಸರು ಹಾಕ್ಲಿ ಅಣ್ಣಾ?"

"ಆಕೀದ ಹಾಕು," ಎಂದ ಗ್ಯಾನಪ್ಪ, ಹೆಂಡತಿಯ ಮುಖ ನೋಡದೆ.

ಮೌನೇಶ್ವರಿ ಗಾಬರಿಯಾದಳು. "ನಾ ಒಬ್ಬಾಕಿ ಹೆಂಗ ಹೋಗ್ಲಿರೀ? ನೀವ ಹೋಗ್ರಿ. ಪೊಲೀಸ್ ಆಗು ಅಂದವ್ರು ನೀವು."

"ನಾ ಬರೇ ಅಂದೀನಿ. ದಿನಾ ನಸಿಕಿನ್ಯಾಗ ಎದ್ದು ಮಗಳ ಕೂಡ ಓಡಿದಾಕಿ ನೀನು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಮೆಹರಬಾನು ಟಿಕೆಟ್ ಮಾಡಿ, ಜಮೀಲಾಬೀಗೆ ಹೇಳಿಕಳಿಸಿ, ಇಬ್ಬರು ಹೆಂಗಸರನ್ನೂ ಪ್ರಯಾಣಕ್ಕೆ ಜೋಡಿ ಮಾಡಿದಳು.

ಗ್ಯಾನಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಗಣಿಯ ಸಾಹೇಬರಿಗೆ ಫೋನು ಹಚ್ಚಿದ.

"ಸಾಹೇಬ್ರ, ನನಗ ರಜಾ ಬ್ಯಾಡ್ರೀ. ನಾಡಿದ್ದು ಮುಂಜಾನಿ ಪಾಳಿಗೆ ಹಾಕ್ರಿ. ಮನ್ಯಾಗ ಕುಂತ್ರ ಹೊತ್ತು ಹೋಗಂಗಿಲ್ರೀ."