ಅವ್ವ ಕಣದಲ್ಲಿ ಬಿಟ್ಟ ಜಾಗ

ಅವ್ವನಿಗೆ ಮೊದಲು ಶುರುವಾದದ್ದು ಕೈ ನಡುಕವೋ, ಬುದ್ಧಿಯ ಗೊಂದಲವೋ? ಚಿಕ್ಕಮಗಳೂರಿನ ನರರೋಗದ ಡಾಕ್ಟರು ನನ್ನನ್ನು ಕೇಳಿದ್ದು ಇಷ್ಟೇ. ನಡುಕ ಅಂದೆ. ಯೋಚನೆ ಕೂಡ ಮಾಡಲಿಲ್ಲ.

ಜಾವಳಿಯಿಂದಾಚೆ ನಮ್ಮ ಎಸ್ಟೇಟಿನ ಕೂಲಿಲೈನಿನಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಆ ಹೆಮ್ಮೆ ಈಗಲೂ ಇದೆ, ಮುಚ್ಚಿಡುವುದಿಲ್ಲ. ಅವ್ವನ ಕಾಯಿಲೆಗೆ ಆಸ್ಪತ್ರೆಗೆ ಬರುವ ಮೊದಲೇ ನಾನು ಹೆಸರಿಟ್ಟಾಗಿತ್ತು. ನಮ್ಮ ಎಸ್ಟೇಟಿನ ರೈಟರಿಗೆ ಪಾರ್ಕಿನ್ಸನ್ ಇತ್ತು. ಏಳೆಂಟು ವರ್ಷ ಕೈ ನಡುಗಿಸಿಕೊಂಡೇ ಆಳುಗಳ ಹಾಜರಿ ಬರೆದರು. ಕಾಲು ಎಳೆಯುತ್ತಿತ್ತು, ಮುಖ ಬಿಗಿದಿತ್ತು. ಆದರೆ ಯಾರು ಯಾವತ್ತು ಕೆಲಸ ತಪ್ಪಿಸಿದರು ಅಂತ ಪುಸ್ತಕ ನೋಡದೆ ಹೇಳೋರು. ಬುದ್ಧಿ ಮಸುಕಾಗಿದ್ದು ಕೊನೆಗೆ. ಆಗ, ಎಂದೋ ತೀರಿಹೋದ ಹಳೇ ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದಾನೆ ಅಂತ ಒಳಗೆ ಕರೆಯುತ್ತಿದ್ದರು. ಅವ್ವನದೂ ಅದೇ ಕಾಲೆಳೆತ, ಅದೇ ಬಿಗಿದ ಮುಖ, ಅದೇ ಥರ ಇಲ್ಲದವರು ಕಾಣುವುದು. ಎರಡೂ ಒಂದೇ ಅಂದುಕೊಂಡೆ.

ಯಾರೋ ಕಾಣುತ್ತಾರಲ್ಲ, ಅದು ನಿಲ್ಲುವ ಮಾತ್ರೆ ಕೊಡಿ ಅಂತ ನಾನೇ ಪಟ್ಟು ಹಿಡಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಅಂಥ ಕೆಲವು ಮಾತ್ರೆ ಈ ರೋಗದವರನ್ನು ಕೊರಡಿನ ಹಾಗೆ ಮಾಡಿಬಿಡುತ್ತವೆ, ನುಂಗಲಿಕ್ಕೂ ಆಗದೆ ಜೀವಕ್ಕೇ ಕುತ್ತು ಬರಬಹುದು ಅಂದರು. ನಾನು ಹೇಳಿದ ರೈಟರ ಥರದ್ದರಲ್ಲೂ ಹುಷಾರಾಗಿರಬೇಕು, ಮರೆವಿನ ರೋಗ ಇನ್ನೊಂದಿದೆ, ಲೂಯಿ ಬಾಡಿ ಅಂತ, ಅದರಲ್ಲಿ ಇನ್ನೂ ಹೆಚ್ಚು ಹುಷಾರಾಗಿರಬೇಕು. ಮಿದುಳಿನಲ್ಲಿ ಕೂಡುವ ಕಶ್ಮಲ ಎರಡರಲ್ಲೂ ಒಂದೇ. ನಡುಕ, ಬಿಗಿತ ಮೊದಲು ಬಂದು, ವರ್ಷವೋ ಹತ್ತಾರು ವರ್ಷವೋ ಕಳೆದು ಬುದ್ಧಿ ಕುಂದಿದರೆ ಪಾರ್ಕಿನ್ಸನ್ನಿನ ಮರೆವು. ಬುದ್ಧಿಯೇ ಮೊದಲು ಕುಂದಿದರೆ, ಇಲ್ಲ ಎರಡೂ ಒಂದು ವರ್ಷದೊಳಗೆ ಬಂದರೆ, ಲೂಯಿ ಬಾಡಿ. ಯಾವುದು ಮೊದಲು ಬಂತು ಅಂತ ಹೇಳಬೇಕಾದವರು ಮನೆಯವರು, ಯಾವ ಯಂತ್ರವೂ ಹೇಳುವುದಿಲ್ಲ ಅಂದರು.

ಅಷ್ಟು ಹೊತ್ತು ಅವ್ವನ ಸೆರಗು ಸರಿಮಾಡುತ್ತ ನಿಂತಿದ್ದ ಚಿಕ್ಕಮ್ಮ ಬಾಯಿ ಬಿಟ್ಟಳು. ಅವಳು ಅವ್ವನ ತಂಗಿ, ಕಾಫಿ ಒಣಗಿಸುವ ಕಣದಲ್ಲಿ ಅವ್ವನ ಜೊತೆಗೇ ಕೆಲಸ ಮಾಡಿದವಳು.

"ನಡುಕ ಈಚೆಗೆ ಬಂದಿದ್ದು ಮಾರಾಯ್ತಿ. ಅದಕ್ಕೆ ಎರಡು ಕೊಯ್ಲಿನ ಹಿಂದೆಯೇ ಇವಳು ಕಣದಲ್ಲಿ ಜಾಗ ಬಿಡ್ತಿದ್ಲು."

ಸಿಪ್ಪೆ ತೆಗೆದು ತೊಳೆದ ಕಾಫಿಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು, ಕಣದಲ್ಲಿ ತೆಳ್ಳಗೆ ಹರಡಿ ಹೆಂಗಸರು ಉದ್ದ ಹಿಡಿಯ ಮರದ ಹಲುಬೆಯಿಂದ ಮತ್ತೆ ಮತ್ತೆ ಎಳೆದು ಮೇಲೆಕೆಳಗೆ ಮಾಡಬೇಕು. ಎಳೆಯದ ಕಡೆ ಅಡಿಯ ಬೀಜ ಹಸಿಯಾಗಿಯೇ ಉಳಿದು ಮುಗ್ಗಲು ಹಿಡಿಯುತ್ತದೆ. ಅವ್ವ ನಡುನಡುವೆ ಮೊರದಗಲದ ಜಾಗ ಬಿಟ್ಟು, ಹಲುಬೆಯನ್ನು ಅದರ ಸುತ್ತ ಬಳಸಿ ಎಳೆಯುತ್ತಿದ್ದಳಂತೆ. ಯಾಕೆ ಅಂತ ಕೇಳಿದರೆ, ಅಲ್ಲಿ ಕೂತಿದಾರಲ್ಲ ಅನ್ನುವಳಂತೆ. ನಿನ್ನೆಯ ಬೀಜಕ್ಕೆ ಇವತ್ತಿನ ಹಸಿಬೀಜ ಸುರಿಯುವಳು. ಮಾರನೆಯ ದಿನ ಏನೂ ಆಗದವಳ ಹಾಗೆ ಚುರುಕು. ಸೋಮಾರಿತನ ಅಂತ ಈಗಿನ ಮೇಸ್ತ್ರಿ ಎಲ್ಲರೆದುರು ಬೈದಿದ್ದರು. ಆಮೇಲಿಂದ ಚಿಕ್ಕಮ್ಮ ಹಿಂದೆಯೇ ಹೋಗಿ, ಬಿಟ್ಟ ಜಾಗವನ್ನೆಲ್ಲ ಎಳೆದು ಮುಚ್ಚುತ್ತಿದ್ದಳು.

ನನಗ್ಯಾಕೆ ಹೇಳಲಿಲ್ಲ ಅಂದೆ.

"ನಿನ್ನ ಕೊನೇ ಪರೀಕ್ಷೆ ಇತ್ತಲ್ಲ. ಹೇಳಬೇಡ ಅಂತ ಆಣೆ ಹಾಕಿಸಿದ್ಲು."

ಡಾಕ್ಟರು ನನ್ನ ಮಾತು ಬರೆದಿದ್ದ ಸಾಲಿಗೆ ಅಡ್ಡಗೀಟು ಎಳೆದು, ಕೆಳಗೆ ಲೂಯಿ ಬಾಡಿ ಅಂತ ಬರೆದರು. ನಾನು ಕೇಳಿದ ಮಾತ್ರೆ ಕೊಡಲಿಲ್ಲ. ಬೇರೊಂದನ್ನು ಸಣ್ಣ ಪ್ರಮಾಣದಲ್ಲಿ ಶುರುಮಾಡಿದರು. ಬಸ್ಸಿನಲ್ಲಿ ಆಲ್ದೂರು ದಾಟುವ ತನಕ ಆ ಎರಡು ಕೊಯ್ಲಿನ ಲೆಕ್ಕ ಹಾಕಿದೆ. ಕಾಲೇಜಿನಿಂದ ಪ್ರತಿ ಶನಿವಾರ ಮನೆಗೆ ಬರುತ್ತಿದ್ದವಳು ನಾನು. ಒಮ್ಮೆಯೂ ಕಣದ ಕಡೆ ಕಣ್ಣು ಹಾಯಿಸಿರಲಿಲ್ಲ.

ಕೆಲವು ವಾರದಲ್ಲಿ ಅವ್ವನಿಗೆ ತಿಳಿಯಾದ ದಿನಗಳು ಹೆಚ್ಚಾದವು. ಅಂಥ ಒಂದು ಬೆಳಿಗ್ಗೆ ಅವಳ ತಲೆ ಬಾಚುತ್ತ ಕೇಳಿದೆ, ಕಣದಲ್ಲಿ ಯಾರೂ ಇಲ್ಲ ಅಂತ ನಿನಗೆ ಗೊತ್ತಾಗ್ತಿತ್ತಾ ಅಂತ.

"ಒಮ್ಮೊಮ್ಮೆ ಗೊತ್ತಾಗೋದು. ಆದ್ರೂ, ಇದ್ದುಬಿಟ್ರೆ? ಕೂತವರ ಕಾಲ ಮೇಲೆ ಹಲುಬೆ ಎಳೆಯೋದಾ?"

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಹೊಸ ಡಾಕ್ಟರಿದ್ದರು. ಮೊದಲು ಏನು ಶುರುವಾಯ್ತು ಅಂತ ಅವರೂ ಕೇಳಿದರು, ನನ್ನ ಮುಖ ನೋಡಿ. ನಾನು ಚಿಕ್ಕಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಅವ್ವನ ಕೈ ಹಿಡಿದು ಹಿಂದೆ ನಿಂತೆ.