ಹೆಚ್ಚಾದ ಕ್ಯಾಶು

ನಮ್ಮ ಮನೆಯಲ್ಲಿ ಯಾವ ವಸ್ತುವೂ ಮುಗಿಯುವುದಿಲ್ಲ. ಹೊಟ್ಟೆಕಿಚ್ಚು ಪಡಬೇಡಿ. ಎಲ್ಲರ ಮನೆಯಂತೆ ಇಲ್ಲಿಯೂ ಮುಗಿಯುತ್ತದೆ, ಆದರೆ ಮುಗಿಯಿತು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜೋಳದ ಹಿಟ್ಟು ತೀರಿದರೆ ‘ಹಿಟ್ಟು ಹೆಚ್ಚಾಗೈತಿ’ ಎನ್ನಬೇಕು. ಬಳೆ ಒಡೆದರೆ ‘ಬಳಿ ಹೆಚ್ಚಾತು’. ದೀಪವನ್ನು ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಸೋಲಾಪುರದ ಪೇಟೆಯಲ್ಲಿ ನಮ್ಮದೊಂದು ಚಾದರದ ಅಂಗಡಿ ಇದೆ. ಅದನ್ನೂ ನಾವು ಮುಚ್ಚುವುದಿಲ್ಲ. ಅಕ್ಕಪಕ್ಕದ ಮರಾಠಿ ವ್ಯಾಪಾರಸ್ಥರು ‘ದುಕಾನ ವಾಢವಲಂ’ ಎಂದು, ಅಂದರೆ ಅಂಗಡಿ ಬೆಳೆಸಿದೆವು ಎಂದು, ಬೀಗ ಹಾಕುತ್ತಾರೆ; ನಾವೂ ಹಾಗೆಯೇ. ಹೀಗೆ ದಿನಾ ಬೆಳೆಸಿದ ಅಂಗಡಿ ನಮ್ಮ ತಂದೆಯವರ ಕಾಲದಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ ಇದೆ.

ಸೊಸೆ ಪ್ರಾಜಕ್ತಾ ಪುಣೆಯ ನೌಕರಿ ಮಾಡುವವರ ಮನೆಯಿಂದ ಬಂದವಳು. ಕನ್ನಡವನ್ನು ಇಲ್ಲಿಗೆ ಬಂದ ಮೇಲೆ ಅತ್ತೆಯಿಂದ ಕಲಿತಳು, ಅದೂ ಮಾತಾಡುವಷ್ಟೇ. ಅಕ್ಷರದ ಗೋಜಿಗೆ ಹೋಗಿಲ್ಲ. ನಮ್ಮ ಈ ಹೆಚ್ಚಿಸುವ ವಿದ್ಯೆಯನ್ನು ಅವಳಿಗೆ ಹೇಳಿಕೊಡಲು ಯಾರಿಗೂ ತೋಚಿರಲಿಲ್ಲ. ಹಾಗಾಗಿ ಒಂದು ಮಧ್ಯಾಹ್ನ ಅಂಗಡಿ ತುಂಬ ಗಿರಾಕಿಗಳಿದ್ದಾಗ ಅವಳ ಫೋನು ಬಂತು: “ಮಾಮಾ, ಮನ್ಯಾಗ ಕ್ಯಾಶ್ ಭಾಳ ಹೆಚ್ಚಾಗೈತ್ರಿ. ಲಗೂನ ಏನರ ಮಾಡ್ಬೇಕು.”

ಮನೆಯಲ್ಲಿ ಕೈ ಖಾಲಿಯಾಗಿದೆ, ಪಾಪ, ನಮ್ಮ ಪದ್ಧತಿಯಂತೆ ಎಷ್ಟು ಮರ್ಯಾದೆಯಿಂದ ಹೇಳಿದಳು ಎಂದುಕೊಂಡೆ. ಗಲ್ಲಾಪೆಟ್ಟಿಗೆಯಿಂದ ಕೈಗೆ ಬಂದಷ್ಟು ನೋಟು ಜೇಬಿಗೆ ತುರುಕಿ ಸ್ಕೂಟರ್ ಹತ್ತಿದೆ. ಮನೆಗೆ ಬಂದು ಹೆಂಡತಿ ಗಿರಿಜಾಳ ಮುಂದೆ ನೋಟು ಇಟ್ಟರೆ, “ಯಾಕ್ರಿ, ಯಾರ ಕೇಳ್ಯಾರ ನಿಮಗ?” ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ಹೆಚ್ಚಾಗಿದ್ದದ್ದು ಕಂಪ್ಯೂಟರಿನ ಕ್ಯಾಶು. ನಾವು ಅಂತರ್ಜಾಲದಲ್ಲಿ ನೋಡಿದ ಪುಟಗಳ ಚಿತ್ರ, ಅಕ್ಷರ, ಅದು ಇದು ಎಲ್ಲವನ್ನೂ ಬ್ರೌಸರು ಒಂದು ಕಡೆ ಬಚ್ಚಿಟ್ಟುಕೊಳ್ಳುತ್ತದಂತೆ, ಮತ್ತೆ ಕೇಳಿದರೆ ಬೇಗ ಕೊಡಲು. ಬಚ್ಚಿಟ್ಟು ಬಚ್ಚಿಟ್ಟು ಸಿ ಡ್ರೈವು ತುಂಬಿ ಕಂಪ್ಯೂಟರು ಏದುಸಿರು ಬಿಡುತ್ತಿತ್ತು. ಇಂಗ್ಲಿಷಿನಲ್ಲಿ ಎರಡು ಕ್ಯಾಶಿಗೂ ಕಾಗುಣಿತ ಬೇರೆ ಬೇರೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಕೇಳಿದರೂ ಒಂದೇ. ಎಲ್ಲ ತಿಳಿದ ಮೇಲೆ ಅತ್ತೆ ಸೊಸೆ ಸೇರಿ ನಕ್ಕ ನಗು ಓಣಿಯ ತುದಿಗೆ ಕೇಳಿರಬೇಕು.

“ಅಳಸಿ ಬಿಡ್ಲೇನ್ರಿ?” ಎಂದಳು ಪ್ರಾಜಕ್ತಾ.

ಅಳಿಸುವುದೆಂದರೆ ನನಗೆ ಸಂಕಟ. ಚಾದರ ಕಟ್ಟಿ ಬಂದ ಗೋಣಿದಾರವನ್ನೂ ಸುತ್ತಿಡುವ ಜಾತಿ ನಮ್ಮದು. “ಡಿ ಡ್ರೈವ್ ಖಾಲಿ... ಅಲ್ಲ, ಹೆಚ್ಚಾಗೈತಲ್ಲ, ಅಲ್ಲಿ ಒಯ್ದು ಇಡು” ಎಂದೆ. ಕ್ಯಾಶನ್ನು ಯಾರೂ ಹೀಗೆ ಜೋಪಾನ ಮಾಡುವುದಿಲ್ಲ ಎಂದು ಅವಳು ತಿಳಿಸಿ ಹೇಳಿದಳು. ಮಾವನ ಹಟ ನೋಡಿ ಕೊನೆಗೆ ಇಡೀ ಫೋಲ್ಡರನ್ನು ಡಿಗೆ ಸಾಗಿಸಿದಳು. ಸಿ ಹಗುರಾಯಿತು, ನಾನು ಬೀಗುತ್ತ ಅಂಗಡಿಗೆ ಹೋದೆ.

ಮರುದಿನ ಗಿರಿಜಾಳ ಪುಟ ತೆರೆಯಲಿಲ್ಲ.

ಅದರ ವಿಷಯ ಹೇಳಬೇಕು. ಗಿರಿಜಾಳ ತಂದೆ ಅಕ್ಕಲಕೋಟೆ ತಾಲೂಕಿನ ಕುರನೂರ ಕಡೆ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಅವರ ಹಳೆಯ ವಿದ್ಯಾರ್ಥಿಗಳು ಅಂತರ್ಜಾಲದಲ್ಲಿ ಒಂದು ತಾಣ ಮಾಡಿ, ಅದರಲ್ಲಿ ಮಾಸ್ತರರ ಫೋಟೊ ಹಾಕಿದ್ದರು. ಊಟವಾದ ಮೇಲೆ ಅದನ್ನೊಮ್ಮೆ ನೋಡಿಯೇ ಅವಳು ಅಡ್ಡಾಗುವುದು. ಈಗ ಮನೆಯಲ್ಲೂ ಬರಲಿಲ್ಲ, ನನ್ನ ಫೋನಿನಲ್ಲೂ ಬರಲಿಲ್ಲ. ತಾಣ ಮಾಡಿದವರಲ್ಲಿ ಒಬ್ಬರನ್ನು ಕೇಳಿದರೆ, ಅದನ್ನು ನಿಲ್ಲಿಸಿ ತಿಂಗಳುಗಳೇ ಆದವು, ಫೋಟೊ ತಮ್ಮಲ್ಲೂ ಉಳಿದಿಲ್ಲ ಎಂದರು. ಅಂದರೆ ಇಷ್ಟು ದಿನ ಗಿರಿಜಾಳ ಅಪ್ಪ ಬರುತ್ತಿದ್ದದ್ದು ಹೊರಗಿನಿಂದಲ್ಲ, ನಮ್ಮದೇ ಕ್ಯಾಶಿನಿಂದ.

“ಮನ್ಯಾಗ ಅಪ್ಪನ ಬ್ಯಾರೆ ಫೋಟೊ ಅದಾವ” ಎಂದು ನಾನು ಸಮಾಧಾನ ಹೇಳಲು ಹೋದೆ.

“ಅದಾವ್ರಿ. ಅವೆಲ್ಲಾ ಮದಿವ್ಯಾಗ ತಗದಾವು, ಸುಮ್ನ ನಿಂತಾನ. ಇದೊಂದರಾಗ ಕಲಿಸಾಕತ್ತಿದ್ದ” ಎಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಪ್ರಾಜಕ್ತಾ ಫೋಲ್ಡರಿನ ಒಂದು ಪ್ರತಿಯನ್ನು ಮೊದಲಿನ ಜಾಗಕ್ಕೆ ತಂದಿಟ್ಟಳು. ಬ್ರೌಸರು ಗುರುತೇ ಹಿಡಿಯಲಿಲ್ಲ. ಡಿಯಲ್ಲಿ ಇಣುಕಿದರೆ ಸಾವಿರಾರು ಕಡತ, ಒಂದಕ್ಕೂ ನೆಟ್ಟಗೆ ಹೆಸರಿಲ್ಲ. ನನಗೆ ಕುಂಭಾರಿಯ ನಮ್ಮ ಅಜ್ಜನ ಹಗೇವು ನೆನಪಾಯಿತು. ಅಂಗಳದ ನೆಲದೊಳಗೆ ಜೋಳ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಬಡಿದು ಸಾರಿಸಿಬಿಟ್ಟರೆ ಎಲ್ಲಿದೆ ಎಂದು ಹಿರಿಯರಿಗಷ್ಟೇ ಗೊತ್ತು. ನಿಘಂಟು ತೆಗೆದು ನೋಡಿದೆ. ಈ ಕ್ಯಾಶು ಫ್ರೆಂಚರ ‘ಬಚ್ಚಿಡು’ ಎಂಬ ಮಾತಿನಿಂದ ಬಂದದ್ದು. ಹಿಂದೆ ಕಾಡಿನಲ್ಲಿ ಅಲೆಯುತ್ತಿದ್ದ ಬೇಟೆಗಾರರು ಮರಳಿ ಬರುವಾಗ ಬೇಕಾದೀತೆಂದು ಆಹಾರವನ್ನು ನೆಲದಲ್ಲಿ ಹೂತಿಡುತ್ತಿದ್ದರಂತೆ, ಆ ಗುಂಡಿಗೆ ಈ ಹೆಸರು. ಇಷ್ಟು ದೊಡ್ಡ ವಿಷಯವನ್ನು ಮನೆಯವರಿಗೆ ಹೇಳಿದೆ. ಆ ಹೊತ್ತಿಗೆ ಯಾರಿಗೂ ಬೇಕಿರಲಿಲ್ಲ.

ಹಗೇವು ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾಯುತ್ತಾರೆ. ನಮ್ಮ ಡಿ ಡ್ರೈವಿನಿಂದಲೂ ಮೊದಲು ಅಂಥದೇ ಹೊರಟಿತು. ಪ್ರಾಜಕ್ತಾ ಕಡತಗಳ ಹೆಸರಿಗೆ ‘.jpg’ ಎಂಬ ಚಿತ್ರದ ಬಾಲ ಅಂಟಿಸಿ ಒಂದೊಂದೇ ತೆರೆದಳು. ಕುಕ್ಕರಿನ ಜಾಹೀರಾತು, ಸೀರೆಯ ಸೆರಗು, ಅರ್ಧ ಶೇಂಗಾ ಹೋಳಿಗೆ, ಮಂತ್ರಿಯ ಒಂದು ಕಿವಿ. ನಡುವೆ, ತಲೆಗೂದಲು ಮತ್ತೆ ಬೆಳೆಸುವ ಎಣ್ಣೆಯ ಸೀಸೆಗಳು ಸಾಲಾಗಿ ಬಂದವು. ಗಿರಿಜಾ ನನ್ನ ತಲೆಯತ್ತ ನೋಡಿದಳು. ನಾನು ಕಿಟಕಿಯತ್ತ ನೋಡಿದೆ.

ಸಾಕಷ್ಟು ಹೊತ್ತಾದ ಮೇಲೆ ಸೊಸೆಯ ಕೈ ನಿಂತಿತು. ಅವಳು ಆ ಪುಟವನ್ನು ಎಂದೂ ನೋಡಿದವಳಲ್ಲ, ಚಿತ್ರದಲ್ಲಿದ್ದ ಹಲಗೆಯ ಮೇಲಿನ ಕಾಗುಣಿತವನ್ನು ಓದಬಲ್ಲವಳೂ ಅಲ್ಲ. “ಅತ್ತಿ, ಇವರ ಮೂಗ ನಿಮ್ಮದ ಐತ್ರಿ” ಎಂದಳು.

ಕೈಯಲ್ಲಿ ಸೀಮೆಸುಣ್ಣ, ಅರ್ಧ ತೆರೆದ ಬಾಯಿ, ಮಾಸ್ತರರು ಕಲಿಸುತ್ತಿದ್ದರು. ಗಿರಿಜಾ ಆಗ ಅತ್ತಳು. ನನಗೂ ಕಣ್ಣು ತುಂಬಿ ಬಂತು.

ಪ್ರಾಜಕ್ತಾ ತಡಮಾಡಲಿಲ್ಲ. ಚಿತ್ರವನ್ನು ಬೇರೆ ಇಟ್ಟು, ಅಕ್ಕಲಕೋಟೆಯಲ್ಲಿರುವ ಗಿರಿಜಾಳ ಅಣ್ಣಂದಿರಿಗೆ, ಹೋಟಗಿಯ ತಂಗಿಗೆ, ಬಳಗದವರೆಲ್ಲರಿಗೂ ಕಳಿಸಿದಳು. ಅವರು ತಮ್ಮ ತಮ್ಮವರಿಗೆ ಕಳಿಸಿದರು. ಸಂಜೆಯೊಳಗೆ ಅದೇ ಫೋಟೊ ಸುತ್ತಾಡಿ ನಮ್ಮ ಫೋನಿಗೇ ಮೂರು ಕಡೆಯಿಂದ ವಾಪಸು ಬಂತು.

ಗಿರಿಜಾ ಫೋನು ಕೆಳಗಿಟ್ಟು ಹೇಳಿದಳು, “ಅಪ್ಪನ ಫೋಟೊ ಹೆಚ್ಚಾತು.”

ಹೊಸದಾಗಿ ನಮ್ಮ ಹೆಚ್ಚಿಸುವ ಭಾಷೆ ಕಲಿತ ಸೊಸೆಯ ಮುಖ ಬಿಳಿಚಿತು. “ಮತ್ತ ಹೋತೇನ್ರಿ ಅತ್ತಿ?”

“ಇಲ್ಲವಾ” ಎಂದಳು ಗಿರಿಜಾ, “ಈ ಸಲ ಖರೇನ ಹೆಚ್ಚಾತು.”