ಸ್ಕೀ ಬೂಟಿನ ಪಟ್ಟಿ

ಸ್ಕೀ ಪ್ರವಾಸದಲ್ಲಿ ನನ್ನ ಸೊಸೆ ಸವಿತಾಳನ್ನು ಯಾರೂ ಮರೆತಿರಲಿಲ್ಲ, ಅಡುಗೆಗೆಂದು ಸೇರಿಸಿಕೊಂಡಿದ್ದರು.

ಮಗನ ಊರಾದ ಫಾರ್ಮಿಂಗ್ಟನ್ ಹಿಲ್ಸ್‌ನಿಂದ ಐದು ತಾಸು ಕಾರಿನಲ್ಲಿ ಕೂತು ಹಾಫ್‌ಮನ್ ಎಸ್ಟೇಟ್ಸ್‌ಗೆ, ಮಗನ ಗೆಳೆಯನ ಮನೆಗೆ ಬಂದಿದ್ದೆವು. ಮೂರು ದಿನ, ಅಕ್ಕಪಕ್ಕದ ಮೂರು ರೆಸಾರ್ಟು, ನಾಲ್ಕು ಸಂಸಾರ. ರಾತ್ರಿ ಊಟದ ಮೇಲೆ, ರೆಸಾರ್ಟಿಗೆ ರೈಸ್ ಕುಕ್ಕರ್ ಯಾರ ಕಾರಿನಲ್ಲಿ ಹೋಗಬೇಕೆಂಬುದೂ ತೀರ್ಮಾನವಾಯಿತು. ಆಮೇಲೆ ಬಾಡಿಗೆ ಬೂಟಿಗೆಂದು ಮಗ ಒಬ್ಬೊಬ್ಬರ ಹೆಸರು, ಪಾದದ ಅಳತೆಯ ಪಟ್ಟಿ ಓದಿದ. ಸವಿತಾಳ ಹೆಸರು ಬರಲಿಲ್ಲ.

"ಯಾಕಪಾ, ಆಕಿಗೆ ಕಾಲಿಲ್ಲೇನು?" ಎಂದೆ.

"ಅವ್ವಾ, ಆಕಿ ಊಟದ್ದು ನೋಡ್ಕೊಂತಾಳ. ಹೋದ ವರ್ಷಾನೂ ಹಂಗ ಮಾಡಿದ್ಲಲ್ಲ."

"ಸ್ಕೀ ಒಲ್ಲೆ ಅಂದಿದ್ದಿಲ್ರಿ ನಾ. ನೀವು ಕೇಳಿದ್ದೂ ಇಲ್ಲ," ಎಂದಳು ಸವಿತಾ, ಪಾತ್ರೆ ತೊಳೆಯುತ್ತ. "ಕಿಟಕಿಯಾಗಿಂದ ಹಿಮ ನೋಡಿ ಸಾಕಾಗೇತಿ."

ಮಗನ ಮುಖ ಸಣ್ಣದಾಯಿತು. ಅವನು ಕೆಟ್ಟವನಲ್ಲ, ಹೊತ್ತಿಗೆ ಸರಿಯಾಗಿ ಉಂಡವನಿಗೆ ಇಂಥದ್ದು ಹೊಳೆಯುವುದಿಲ್ಲ. ಆದರೂ, "ನಾಳೆ ನೋಡೂಣು" ಎಂದು ಪಟ್ಟಿ ಮುಚ್ಚಿದ.

ಮರುದಿನ ಬೆಳಿಗ್ಗೆ ಚಹಾಕ್ಕೂ ಮೊದಲು ಸವಿತಾಳನ್ನು ಅಂಗಡಿಯ ಕಂದು ಕಾಗದದ ಚೀಲದ ಮೇಲೆ ನಿಲ್ಲಿಸಿದೆ. ಊರಲ್ಲಿ ಚಪ್ಪಲಿ ಹೊಲಿಸುವಾಗ ಮಾಡುವಂತೆ ಎರಡೂ ಪಾದಗಳ ಸುತ್ತ ಪೆನ್ಸಿಲ್ ಎಳೆದು, ಆ ಕಾಗದವನ್ನು ಮಗನ ಕೈಗೆ ಕೊಟ್ಟೆ.